ಗ್ಲುಕಗಾನ್: ಯಕೃತ್ತಿನ ಹಗೇವು ತೆರೆಯುವ ಹಾರ್ಮೋನು

ಗಜೇಂದ್ರಗಡ ಸಮೀಪದ ಪುರ್ತಗೇರಿಯಂತಹ ಊರಿನ ಶಾಲೆಯಲ್ಲಿ, ಇನ್ಸುಲಿನ್ ಪಡೆಯುವ ವಿದ್ಯಾರ್ಥಿಯೊಬ್ಬ ಊಟ ತಪ್ಪಿಸಿ, ರಕ್ತದ ಸಕ್ಕರೆ ಕುಸಿದು ಪ್ರಜ್ಞೆ ಕಳೆದುಕೊಂಡನೆನ್ನಿ. ಬಾಯಿಗೆ ಸಕ್ಕರೆ ನೀರು ಹಾಕಬೇಡಿ. ಅದು ಶ್ವಾಸನಾಳ ಸೇರಬಹುದು. ಮಗ್ಗುಲಾಗಿ ಮಲಗಿಸಿ, 108ಕ್ಕೆ ಕರೆ ಮಾಡಿ.

ಇಂಥಲ್ಲಿ ನೆರವಾಗುವುದು ಗ್ಲುಕಗಾನ್ ಚುಚ್ಚುಮದ್ದು. ಮೇದೋಜೀರಕ ಗ್ರಂಥಿಯ ಆಲ್ಫಾ ಕೋಶಗಳು ಸ್ರವಿಸುವ, 29 ಅಮೈನೋ ಆಮ್ಲಗಳ ಈ ಹಾರ್ಮೋನಿಗೆ 1923ರಲ್ಲಿ ಹೆಸರಿಟ್ಟವರು ಕಿಂಬಲ್ ಮತ್ತು ಮರ್ಲಿನ್. ಹಿಂದೆ ಜೋಳವನ್ನು ಹಗೇವಿನಲ್ಲಿ ತುಂಬಿಡುತ್ತಿದ್ದಂತೆ, ಯಕೃತ್ತು ಗ್ಲೂಕೋಸನ್ನು ಗ್ಲೈಕೋಜನ್ ರೂಪದಲ್ಲಿ ಕೂಡಿಡುತ್ತದೆ. ಗ್ಲುಕಗಾನ್ ಅದನ್ನು ಒಡೆಸಿ ರಕ್ತಕ್ಕೆ ಬಿಡಿಸುತ್ತದೆ. ಸುಮಾರು 15 ನಿಮಿಷಗಳಲ್ಲಿ ಎಚ್ಚರ ಮರಳಬಹುದು.

ದೀರ್ಘ ಉಪವಾಸದಿಂದ ಹಗೇವೇ ಬರಿದಾಗಿದ್ದರೆ? ಫಲ ಕಡಿಮೆ, ರಕ್ತನಾಳದ ಮೂಲಕ ಗ್ಲೂಕೋಸೇ ಬೇಕು. ಎಚ್ಚರವಾದ ಮೇಲೆ ಆಹಾರ ಕೊಡುವುದು ಹಗೇವನ್ನು ಮತ್ತೆ ತುಂಬಿಸಲೆಂದೇ.