ಸ್ವೆಟರಿನ ಲೆಕ್ಕ



ಈ ಸಲದ ಗೋಡೆ ಪತ್ರಿಕೆಗೆ ಕವನ ಬೇಡ, ನಿನಗೆ ಗೊತ್ತಿರುವ ಯಾವುದಾದರೂ ಒಂದು ಕೆಲಸದ ಬಗ್ಗೆ ಬರೆದುಕೊಂಡು ಬಾ ಎಂದು ಕನ್ನಡ ಮೇಷ್ಟ್ರು ಹೇಳಿದರು. ನನಗೆ ಗೊತ್ತಿರುವುದು ಸ್ವೆಟರ್ ಹೆಣೆಯುವುದು. ಅದೂ ಪೂರ್ತಿ ಗೊತ್ತು ಅಂದರೆ ನಮ್ಮಜ್ಜಿ ನಗುತ್ತಾರೆ. ಆದರೂ ಹೋದ ಚಳಿಗಾಲದಲ್ಲಿ ಒಂದು ಸ್ವೆಟರ್ ಕೆಡಿಸಿ, ಇನ್ನೊಂದನ್ನು ಬಿಚ್ಚಿ, ಮೂರನೆಯದನ್ನು ಮುಗಿಸಿದ್ದೇನೆ. ಆದ್ದರಿಂದ ಬರೆಯುವ ಧೈರ್ಯ ಮಾಡಿದೆ.

ನಮ್ಮ ಮಲೆನಾಡಿನಲ್ಲಿ ಅಡಿಕೆ ಕೊಯ್ಲಿನ ಸಮಯದ ಚಳಿ ಎಂಥದು ಅಂತ ನಿಮಗೆ ಹೇಳಬೇಕಾಗಿಲ್ಲ. ಬೆಳಿಗ್ಗೆ ಶಾಲೆಗೆ ಬರುವಾಗ ಬಾಯಿಂದ ಹೊಗೆ ಬರುತ್ತದೆ. ನನ್ನ ತಮ್ಮ ಮೂರನೇ ಕ್ಲಾಸು. ಅವನ ಹಳೆ ಸ್ವೆಟರ್ ಹೊಟ್ಟೆ ಮೇಲೆ ಬಂದಿತ್ತು. ಅಡಿಕೆ ಸುಲಿದು ನಾನು ಕೂಡಿಸಿಟ್ಟ ದುಡ್ಡಿನಲ್ಲಿ ನೀಲಿ ಬಣ್ಣದ ಉಲ್ಲನ್ ತಂದು, ನಾನೇ ಹೆಣೆದು ಕೊಡುತ್ತೇನೆ ಎಂದು ಎಲ್ಲರ ಎದುರು ಹೇಳಿಬಿಟ್ಟೆ. ಹಾಗೆ ಹೇಳಬಾರದಿತ್ತು.

ಮೊದಲು ಹೆಣಿಗೆ ಅಂದರೆ ಏನು ಅಂತ ತಿಳಿಯಬೇಕು. ಕಂಬಳಿಯೂ ಉಣ್ಣೆ, ಸ್ವೆಟರೂ ಉಣ್ಣೆ. ಆದರೆ ಕಂಬಳಿಯನ್ನು ಮಗ್ಗದಲ್ಲಿ ನೇಯುತ್ತಾರೆ. ಉದ್ದಕ್ಕೆ ಹಾಸು, ಅಡ್ಡಕ್ಕೆ ಹೊಕ್ಕು. ಎರಡೂ ದಾರ ಬಿಗಿಯಾಗಿ ನಿಂತಿರುತ್ತವೆ, ಎಳೆದರೆ ಅಷ್ಟಾಗಿ ಹಿಗ್ಗುವುದಿಲ್ಲ. ಸ್ವೆಟರಿನಲ್ಲಿ ಹಾಸು ಹೊಕ್ಕು ಇಲ್ಲ. ಒಂದೇ ದಾರ ಬಳುಕಿ ಬಳುಕಿ ಕುಣಿಕೆ ಆಗುತ್ತದೆ. ಆ ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆ, ಅದರೊಳಗಿಂದ ಮತ್ತೊಂದು. ಎಳೆದಾಗ ಕುಣಿಕೆ ಅಗಲವಾಗುತ್ತದೆ, ಬಿಟ್ಟಾಗ ವಾಪಸ್ ಬರುತ್ತದೆ. ಸ್ವೆಟರ್ ಮೈಗೆ ಕೂರುವುದು ಇದರಿಂದಲೇ. ಕೊನೆಯ ಕುಣಿಕೆ ಬಿಟ್ಟುಹೋದರೆ ಇಡೀ ಸ್ವೆಟರ್ ಸರ್ ಅಂತ ಬಿಚ್ಚಿಕೊಳ್ಳುವುದೂ ಇದರಿಂದಲೇ.

ಹೆಣೆಯುವುದಕ್ಕೆ ಎರಡು ಕಡ್ಡಿ ಸಾಕು. ಸೀದಾ, ಉಲ್ಟಾ ಅಂತ ಎರಡು ಥರ ಬಂದರೆ ಮುಗಿಯಿತು. ಹೊಸ ಕುಣಿಕೆಯನ್ನು ಹಿಂದಿನಿಂದ ಮುಂದಕ್ಕೆ ಎಳೆದರೆ ಸೀದಾ, ಮುಂದಿನಿಂದ ಹಿಂದಕ್ಕೆ ತಳ್ಳಿದರೆ ಉಲ್ಟಾ. ಒಂದು ಸಾಲು ಪೂರ್ತಿ ಸೀದಾ, ಮುಂದಿನ ಸಾಲು ಪೂರ್ತಿ ಉಲ್ಟಾ ಮಾಡುತ್ತ ಹೋದರೆ ಮುಂಭಾಗ ನುಣ್ಣಗೆ ಬರುತ್ತದೆ. ಎರಡು ಸೀದಾ ಎರಡು ಉಲ್ಟಾ ಮಾಡಿದರೆ ಲಾಸ್ಟಿಕ್ ಥರ ಹಿಗ್ಗುವ ಪಟ್ಟಿ ಬರುತ್ತದೆ. ಸೊಂಟಕ್ಕೆ, ಮಣಿಕಟ್ಟಿಗೆ, ಕುತ್ತಿಗೆಗೆ ಅದೇ. ಬಾಕಿ ಹೂವು, ಜಡೆ, ಜೇನುಗೂಡು ಎಲ್ಲ ಈ ಎರಡರಿಂದಲೇ ಆಗುವುದು. ಇದನ್ನು ಬರೆದು ಕಲಿಸುವುದಕ್ಕಿಂತ ಪಕ್ಕ ಕೂತು ತೋರಿಸುವುದು ಸುಲಭ, ಹಾಗಾಗಿ ಇಲ್ಲಿಗೆ ಬಿಡುತ್ತೇನೆ.

ಕಡ್ಡಿಯ ನಂಬರಿನ ವಿಷಯ ಮಾತ್ರ ಹೇಳಲೇಬೇಕು. ಅಂಗಡಿಯಲ್ಲಿ ಕೇಳುವಾಗ ನಾನೇ ಮೋಸ ಹೋಗಿದ್ದೆ. ನಮ್ಮಲ್ಲಿ ಬಳಕೆಯಲ್ಲಿರುವುದು ಇಂಗ್ಲೆಂಡಿನ ಹಳೆಯ ನಂಬರು. ಅದರಲ್ಲಿ ನಂಬರ್ ಜಾಸ್ತಿಯಾದಷ್ಟು ಕಡ್ಡಿ ಸಣ್ಣ. 8ನೇ ನಂಬರ್ ಅಂದರೆ 4 ಮಿಲಿಮೀಟರ್ ದಪ್ಪ, 10ನೇ ನಂಬರ್ ಅಂದರೆ 3.25 ಮಿಲಿಮೀಟರ್. ಅಮೆರಿಕದವರ ನಂಬರು ಇದರ ತದ್ವಿರುದ್ಧ, ಅವರಲ್ಲಿ 8 ಅಂದರೆ 5 ಮಿಲಿಮೀಟರ್. ಪುಸ್ತಕದ ಮಾದರಿ ಯಾವ ದೇಶದ್ದು ಅಂತ ನೋಡದೆ ಶುರು ಮಾಡಿದರೆ ಅಲ್ಲೇ ತಪ್ಪುತ್ತದೆ. ಮಿಲಿಮೀಟರ್ ನೋಡಿಕೊಳ್ಳುವುದು ಒಳ್ಳೆಯದು.

ಈಗ ನಾನು ಕೆಡಿಸಿದ ಕಥೆ. ಅಮ್ಮನ ಹತ್ತಿರ ಹಳೆಯ ಪತ್ರಿಕೆಯೊಂದರಿಂದ ಕತ್ತರಿಸಿಟ್ಟ ಮಾದರಿ ಇತ್ತು. 26 ಇಂಚು ಎದೆಯ ಹುಡುಗನಿಗೆ 8ನೇ ನಂಬರ್ ಕಡ್ಡಿ, ಮುಂಭಾಗಕ್ಕೆ 78 ಕುಣಿಕೆ, ಹಿಂಭಾಗಕ್ಕೆ 78 ಎಂದು ಬರೆದಿತ್ತು. ತಮ್ಮನ ಎದೆ ಅಳೆದರೆ ಸರಿಯಾಗಿ 26. ಸರಿ, ಕಣ್ಣು ಮುಚ್ಚಿಕೊಂಡು 78 ಹಾಕಿದೆ. ಒಂದೂವರೆ ತಿಂಗಳು ರಾತ್ರಿ ಕೂತು ಹೆಣೆದೆ. ಹೊಲಿದು ಮುಗಿಸಿ ತಮ್ಮನಿಗೆ ಹಾಕಿದರೆ ತಲೆ ದಾಟಲಿಲ್ಲ. ಹೇಗೋ ಎಳೆದು ದಾಟಿಸಿದರೆ ಎದೆ ಹತ್ತಿರ ಕಟ್ಟಿ ಹಾಕಿದ ಹಾಗೆ ಆಯಿತು. ಅವನು ಎರಡೂ ಕೈ ಮೇಲೆತ್ತಿಕೊಂಡು, "ಅಕ್ಕಾ, ತೆಗಿಯೇ, ಉಸಿರು ಕಟ್ತದೆ" ಅಂತ ಅತ್ತ. ಅಪ್ಪಯ್ಯ ನಗೆ ತಡೆಯಲಾಗದೆ ಜಗಲಿಗೆ ಹೋದರು. ನನಗೂ ಅಳು ಬಂತು.

ಅಜ್ಜಿ ಟೇಪು ತರಿಸಿ, "ಒಂದು ಇಂಚಲ್ಲಿ ಎಷ್ಟು ಕುಣಿಕೆ ಉಂಟು, ಎಣಿಸು" ಅಂದರು. ಎಣಿಸಿದರೆ ಆರೂವರೆ. ಮಾದರಿಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ 4 ಇಂಚಿಗೆ 22 ಕುಣಿಕೆ ಎಂದು ಇತ್ತು. ಅಂದರೆ ಇಂಚಿಗೆ ಐದೂವರೆ. ನಾನು ಅದನ್ನು ಓದಿಯೇ ಇರಲಿಲ್ಲ. ಲೆಕ್ಕ ನೋಡಿ: 78ನ್ನು 5.5ರಿಂದ ಭಾಗಿಸಿದರೆ 14 ಇಂಚು ಚಿಲ್ಲರೆ, ಮುಂದೆ ಹಿಂದೆ ಸೇರಿ 28 ಇಂಚಿನ ಮೇಲೆ. ಅದೇ 78ನ್ನು 6.5ರಿಂದ ಭಾಗಿಸಿದರೆ ಬರೀ 12. ಎರಡೂ ಸೇರಿ 24 ಇಂಚು. 26 ಇಂಚಿನ ಎದೆಗೆ 24 ಇಂಚಿನ ಸ್ವೆಟರ್! ಇಂಚಿಗೆ ಒಂದೇ ಒಂದು ಕುಣಿಕೆ ಹೆಚ್ಚು, ಒಟ್ಟಿನಲ್ಲಿ ನಾಲ್ಕು ಇಂಚಿಗೂ ಮೀರಿ ಕಡಿಮೆ. ನನ್ನ ಉಲ್ಲನ್ ಸ್ವಲ್ಪ ಸಣ್ಣ, ನನ್ನ ಕೈಯೂ ಬಿಗಿ. ಮಾದರಿ ಬರೆದವರ ಕೈ ನನ್ನ ಕೈ ಅಲ್ಲವಲ್ಲ.

ಅದನ್ನೇ ಬಿಚ್ಚಿ ದೊಡ್ಡದು ಮಾಡೋಣ ಅಂದರೆ ದಾರ ಸಾಲುವುದಿಲ್ಲ. ಅಂಗಡಿಯಲ್ಲಿ ಆ ನೀಲಿ ಮುಗಿದಿತ್ತು. ಇದೂ ಒಂದು ಪಾಠ. ಉಲ್ಲನ್ ಉಂಡೆಯ ಚೀಟಿಯಲ್ಲಿ ಲಾಟ್ ನಂಬರ್ ಇರುತ್ತದೆ. ಬೇರೆ ಸಲ ಬಣ್ಣ ಹಾಕಿದ ದಾರ ಅದೇ ನೀಲಿ ಅಂದರೂ ಹೆಣೆದ ಮೇಲೆ ಗೆರೆ ಕಾಣುತ್ತದೆ. ಬೇಕಾದಷ್ಟನ್ನು ಒಂದೇ ಸಲ ಒಂದೇ ಲಾಟಿನಲ್ಲಿ ತರಬೇಕು. ನೀಲಿ ಸ್ವೆಟರ್ ಚಿಕ್ಕಮ್ಮನ ಮಗನ ಪಾಲಾಯಿತು. ನನ್ನ ದುಡ್ಡು ಖರ್ಚಾಗಿತ್ತು, ಚಳಿ ಮುಗಿದಿರಲಿಲ್ಲ.

ಆವಾಗ ಅಜ್ಜಿ ಪೆಟ್ಟಿಗೆಯಿಂದ ಅಜ್ಜನ ಸ್ವೆಟರ್ ತೆಗೆದರು. ಅಜ್ಜ ತೀರಿಕೊಂಡು ಎರಡು ವರ್ಷ ಆಗಿತ್ತು. ಒಣಗಿದ ಅಡಿಕೆ ಬಣ್ಣದ್ದು, ಮುಂದೆ ದೊಡ್ಡ ದೊಡ್ಡ ಗುಂಡಿ, ನುಸಿಗುಳಿಗೆ ವಾಸನೆ. "ಇದನ್ನು ಬಿಚ್ಚು" ಅಂದರು. ಅಪ್ಪಯ್ಯ, "ಅದು ಇರಲಿ ಬಿಡೇ ಅಮ್ಮಾ" ಅಂದರು. ಅಜ್ಜಿ, "ಪೆಟ್ಟಿಗೆಗೆ ಚಳಿ ಆಗ್ತದಾ?" ಅಂತ ಕೇಳಿದರು. ಅಪ್ಪಯ್ಯ ಮತ್ತೆ ಮಾತಾಡಲಿಲ್ಲ. ಅಜ್ಜಿಗೆ ಕಣ್ಣಿನ ಪೊರೆ, ಅವರು ಹೆಣೆಯುವುದು ಬಿಟ್ಟಿದ್ದಾರೆ. ಕೆಡಿಸಿದರೆ ಆ ದಾರ ಇನ್ನೆಲ್ಲೂ ಸಿಗುವುದಿಲ್ಲ ಅಂತ ನನಗೆ ಕೈ ನಡುಗಿತು.

ಬಿಚ್ಚುವುದಕ್ಕೂ ಕ್ರಮ ಇದೆ. ಮೊದಲು ಪಕ್ಕದ, ತೋಳಿನ ಹೊಲಿಗೆ ಬಿಡಿಸಿ ತುಂಡುಗಳನ್ನು ಬೇರೆ ಮಾಡಬೇಕು. ಕತ್ತರಿಯಿಂದ ಒಂದು ಕುಣಿಕೆ ಕತ್ತರಿಸಿದರೂ ದಾರ ತುಂಡಾಗುತ್ತದೆ, ಜೋಪಾನ. ಆಮೇಲೆ ಹೆಣೆದು ಮುಗಿಸಿದ ತುದಿ ಯಾವುದು ಅಂತ ಹುಡುಕಬೇಕು. ಸ್ವೆಟರ್ ಶುರು ಮಾಡಿದ ಕಡೆಯಿಂದ ಸಲೀಸಾಗಿ ಬಿಚ್ಚಿಕೊಳ್ಳುವುದಿಲ್ಲ, ಮುಗಿಸಿದ ಕಡೆಯಿಂದ ಬಿಚ್ಚುತ್ತದೆ. ಕೆಳಗಿನಿಂದ ಮೇಲಕ್ಕೆ ಹೆಣೆದಿದ್ದರೆ ಭುಜದಿಂದ ಶುರು ಮಾಡಬೇಕು. ಅಂಗಡಿಯಲ್ಲಿ ಕೊಂಡ ಎಷ್ಟೋ ಸ್ವೆಟರ್ ಯಂತ್ರದಲ್ಲಿ ಹೆಣೆದ ಬಟ್ಟೆಯನ್ನು ಕತ್ತರಿಸಿ ಹೊಲಿದದ್ದು. ಅಂಥದ್ದನ್ನು ಬಿಚ್ಚಿದರೆ ಸಾಲಿಗೊಂದು ತುಂಡು ದಾರ ಬರುತ್ತದೆ, ಉಪಯೋಗವಿಲ್ಲ. (ಯಂತ್ರ ಅಂದಾಗ ನೆನಪಾಯಿತು, ಇಂಗ್ಲೆಂಡಿನ ವಿಲಿಯಂ ಲೀ ಎಂಬುವರು 1589ರಲ್ಲೇ ಕಾಲುಚೀಲ ಹೆಣೆಯುವ ಯಂತ್ರ ಮಾಡಿದ್ದರಂತೆ.)

ಬಿಚ್ಚುತ್ತಾ ಇರುವಾಗ ಒಂದು ವಿಚಿತ್ರ ಕಂಡಿತು. ಬಲ ತೋಳಿನ ಅಗಲವಾದ ಸಾಲಿನಲ್ಲಿ 96 ಕುಣಿಕೆ, ಎಡ ತೋಳಿನಲ್ಲಿ 114. ಎರಡು ಸಲ ಎಣಿಸಿದೆ. ಇಂಚಿಗೆ ಆರರಂತೆ ಎಡ ತೋಳು ಮೂರು ಇಂಚು ಹೆಚ್ಚು. ನನಗೆ ಖುಷಿಯಾಯಿತು. "ಅಜ್ಜೀ, ನೀವೂ ತಪ್ಪು ಮಾಡಿದ್ದೀರಿ ನೋಡಿ" ಅಂದೆ. ಅಜ್ಜಿ ಆ ತೋಳನ್ನು ಕೈಗೆ ತಗೊಂಡು ಮುಟ್ಟಿ ನೋಡಿದರು.

"ತಪ್ಪಲ್ಲ ಮಾರಾಯ್ತಿ. ಲಕ್ವ ಹೊಡೆದ ಮೇಲೆ ಅವರಿಗೆ ಆ ಕೈ ಎತ್ತಲಿಕ್ಕೆ ಆಗ್ತಿರ್ಲಿಲ್ಲ. ತೋಳು ಹಾಕುವಾಗ ನೋವಾಗ್ತಿತ್ತು, ಬಾಯಿ ಬಿಟ್ಟು ಹೇಳ್ತಿರ್ಲಿಲ್ಲ. ಮುಖ ನೋಡಿ ಗೊತ್ತಾಯ್ತು. ಅದಕ್ಕೇ ಬಿಚ್ಚಿ ಅಗಲ ಮಾಡಿದೆ" ಅಂದರು. ಮೊದಲು ಅದು ತಲೆಯ ಮೇಲಿಂದ ಹಾಕುವ ಸ್ವೆಟರ್ ಆಗಿತ್ತಂತೆ. ಮುಂಭಾಗ ಪೂರ್ತಿ ಬಿಚ್ಚಿ ಎರಡು ಹೋಳು ಮಾಡಿ, ಬಲಗೈ ಒಂದರಿಂದಲೇ ಹಾಕಿ ತೆಗೆಯುವಂತೆ ದೊಡ್ಡ ಗುಂಡಿ, ಸಡಿಲ ತೂತು ಇಟ್ಟಿದ್ದರಂತೆ. ನಾನು ಆ ಸ್ವೆಟರನ್ನು ಎಷ್ಟೋ ಸಲ ನೋಡಿದ್ದೆ. ಒಂದು ತೋಳು ದೊಡ್ಡದು ಅಂತ ಒಂದು ದಿನವೂ ಗೊತ್ತಾಗಿರಲಿಲ್ಲ.

ದಾರ ಉಣ್ಣೆಯದೋ ಅಕ್ರಿಲಿಕ್ಕೋ ಎಂದು ನೋಡಲು ಅಜ್ಜಿ ಒಂದು ಬೆರಳುದ್ದದ ತುಂಡನ್ನು ಇಕ್ಕಳದಲ್ಲಿ ಹಿಡಿದು ಒಲೆಗೆ ತೋರಿಸಿದರು. ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ಉಣ್ಣೆ. ಕರಗಿ ಗಟ್ಟಿ ಮಣಿಯಂತಾದರೆ ಅಕ್ರಿಲಿಕ್. (ಚಿಕ್ಕವರು ಇದನ್ನು ಒಬ್ಬರೇ ಮಾಡಬೇಡಿ.) ನಮ್ಮದು ಉಣ್ಣೆ. ಉಣ್ಣೆಯನ್ನು ಬಿಸಿನೀರಲ್ಲಿ ಉಜ್ಜಿದರೆ ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು ಕುಗ್ಗಿಬಿಡುತ್ತವೆ, ಮತ್ತೆ ಸರಿಯಾಗುವುದಿಲ್ಲ. ಅದಕ್ಕೆ ತಣ್ಣೀರೇ ಆಗಬೇಕು. ಬಿಚ್ಚಿದ ದಾರ ಗುಂಗುರು ಕೂದಲ ಹಾಗೆ ಸುರುಳಿ ಸುರುಳಿ ಇರುತ್ತದೆ. ಕುರ್ಚಿಯ ಬೆನ್ನಿಗೆ ಸುತ್ತಿ, ಅಲ್ಲಲ್ಲಿ ಸಡಿಲವಾಗಿ ಕಟ್ಟಿ, ನೀರಲ್ಲಿ ಅದ್ದಿ ಹಿಂಡದೆ ನೆರಳಲ್ಲಿ ತೂಗು ಹಾಕಿದರೆ ನೇರವಾಗುತ್ತದೆ. ಮೊಣಕೈ ಹತ್ತಿರದ ದಾರ ಸವೆದಿತ್ತು, ಅದನ್ನು ಬೇರೆ ಇಟ್ಟೆವು.

ಈ ಸಲ ಮಾದರಿಯ ಚೀಟಿ ಮುಟ್ಟಲಿಲ್ಲ. ಮೊದಲು 36 ಕುಣಿಕೆ ಹಾಕಿ ಒಂದು ಚೌಕ ಹೆಣೆದೆ, ತೊಳೆದು ಒಣಗಿಸಿದೆ. ಅಂಚು ಸುರುಳಿಕೊಳ್ಳುವುದರಿಂದ ಅಂಚು ಬಿಟ್ಟು ನಡುವೆ 4 ಇಂಚು ಅಳೆಯಬೇಕು. 10ನೇ ನಂಬರ್ ಕಡ್ಡಿಯಲ್ಲಿ 26 ಬಂತು, ಬಟ್ಟೆ ಬಡಕಲಾಯಿತು. 9ನೇ ನಂಬರಿನಲ್ಲಿ 24 ಬಂತು, ಮೆತ್ತಗಿತ್ತು. ಅಂದರೆ ಇಂಚಿಗೆ 6. ಮೇಲಕ್ಕೆ ಇಂಚಿಗೆ 8 ಸಾಲು. ಇಷ್ಟು ಗೊತ್ತಾದರೆ ಮುಂದಿನದು ಗಣಿತ ಮೇಷ್ಟ್ರು ಕಲಿಸಿದ ತ್ರೈರಾಶಿಯೇ.

ತಮ್ಮನ ಎದೆ 26. ಒಳಗೆ ಅಂಗಿ ಇರುತ್ತದೆ, ಬೆಳೆಯುತ್ತಾನೆ, ಅದಕ್ಕೆ 4 ಸೇರಿಸಿ 30. ಅರ್ಧ 15. 15 ಗುಣಿಸು 6, 90 ಕುಣಿಕೆ. ಎರಡು ಸೀದಾ ಎರಡು ಉಲ್ಟಾ ಪಟ್ಟಿಗೆ ನಾಲ್ಕರ ಗುಣಕದ ಮೇಲೆ ಎರಡು ಇದ್ದರೆ ಎರಡೂ ತುದಿ ಸೀದಾ ಬರುತ್ತದೆ. 88 ಮತ್ತು 2, ಸರಿಯಾಯಿತು. ಕಂಕುಳ ತನಕ 10 ಇಂಚು. ಅಲ್ಲಿಂದ ಭುಜಕ್ಕೆ ಐದೂವರೆ. ಮಕ್ಕಳ ತಲೆ ಮೈಗೆ ಹೋಲಿಸಿದರೆ ದೊಡ್ಡದು, ಇದನ್ನು ಮಾದರಿಗಳು ಮರೆಯುತ್ತವೆ. ತಮ್ಮನ ತಲೆಯ ಸುತ್ತಳತೆಯೇ 20 ಇಂಚು. ಕುತ್ತಿಗೆಯ ಕೊನೇ ಸಾಲು ಬಿಗಿಯಾಗಿ ಮುಚ್ಚಿದರೆ ದಾಟುವುದಿಲ್ಲ. ಹಾಗಾಗಿ ಎಡ ಭುಜ ಹೊಲಿಯದೆ ಅಜ್ಜನ ಗುಂಡಿಯಲ್ಲಿ ಎರಡನ್ನು ಇಟ್ಟೆ.

ತೋಳಿನ ಉಪಾಯ ಅಜ್ಜಿಯದು. ಸಾಮಾನ್ಯವಾಗಿ ತೋಳನ್ನು ಮಣಿಕಟ್ಟಿನಿಂದ ಮೇಲಕ್ಕೆ ಹೆಣೆಯುತ್ತಾರೆ. ಅಜ್ಜಿ, "ಮೇಲಿಂದ ಕೆಳಗೆ ಹೆಣಿ, ಮುಂದಿನ ವರ್ಷ ನನ್ನ ನೆನಪು ಮಾಡ್ತಿ" ಅಂದರು. ಭುಜದ ಅಂಚಿನಿಂದ 66 ಕುಣಿಕೆ ಎತ್ತಿಕೊಂಡೆ. ಅದು 11 ಇಂಚು. ಮಣಿಕಟ್ಟಿಗೆ 42 ಸಾಕು, 7 ಇಂಚು. ಕಡಿಮೆ ಮಾಡಬೇಕಾದದ್ದು 24. ಸಾಲಿನ ಎರಡೂ ತುದಿಯಲ್ಲಿ ಒಂದೊಂದು ಕಡೆ ಎರಡು ಕುಣಿಕೆ ಸೇರಿಸಿ ಒಂದು ಮಾಡಿದರೆ ಒಂದು ಸಲಕ್ಕೆ 2, ಒಟ್ಟು 12 ಸಲ. ಪಟ್ಟಿ ಬಿಟ್ಟು ತೋಳಿನ ಉದ್ದ 10 ಇಂಚು, ಅಂದರೆ 80 ಸಾಲು. ಆರು ಸಾಲಿಗೊಮ್ಮೆ ಕಡಿಮೆ ಮಾಡಿದರೆ 72 ಸಾಲಿಗೆ ಮುಗಿಯುತ್ತದೆ, ಉಳಿದ 8 ಸಾಲು ಹಾಗೇ. ಕಡೆಗೆ 2 ಇಂಚು ಪಟ್ಟಿ. ಇದರ ಲಾಭ ಏನೆಂದರೆ ಮುಗಿಸಿದ ತುದಿ ಮಣಿಕಟ್ಟಿನಲ್ಲಿರುತ್ತದೆ. ಹುಡುಗ ಉದ್ದವಾದಾಗ ಇಡೀ ಸ್ವೆಟರ್ ಬಿಚ್ಚಬೇಕಾಗಿಲ್ಲ. ಪಟ್ಟಿ ಮಾತ್ರ ಬಿಚ್ಚಿ, ಉದ್ದ ಮಾಡಿ, ಮತ್ತೆ ಪಟ್ಟಿ ಹೆಣೆದರೆ ಆಯಿತು. ಅದಕ್ಕಾಗಿ ಅಜ್ಜನ ದಾರದಲ್ಲಿ ಎರಡು ಉಂಡೆ ಡಬ್ಬದಲ್ಲಿ ಇಟ್ಟಿದ್ದೇವೆ.

ಜನವರಿ ಕೊನೆಗೆ ಮುಗಿಯಿತು. ತಲೆ ದಾಟಿತು. ತಮ್ಮ ಕನ್ನಡಿ ನೋಡದೆ ಅಂಗಳಕ್ಕೆ ಆಡಲು ಓಡಿದ. ಅಪ್ಪಯ್ಯ ಅವನನ್ನು ಕರೆದು ಭುಜದ ಗುಂಡಿ ಬಿಚ್ಚಿ, ಮತ್ತೆ ಹಾಕಿ ಕಳಿಸಿದರು. ಅದು ಬಿಚ್ಚಿಕೊಂಡಿರಲಿಲ್ಲ, ನಾನು ನೋಡಿದ್ದೇನೆ.

ಈಗ ತೋಳು ಮಣಿಕಟ್ಟಿನಿಂದ ಒಂದು ಬೆರಳು ಮೇಲೆ ಹೋಗಿದೆ. ದಸರಾ ರಜೆಯಲ್ಲಿ ಪಟ್ಟಿ ಬಿಚ್ಚಬೇಕು. ನನ್ನ ಹತ್ತಿರ 10ನೇ ನಂಬರಿನ ಕಡ್ಡಿ ಒಂದು ಜೊತೆ ಹೆಚ್ಚಿಗೆ ಇದೆ. ಕಲಿಯಬೇಕು ಅನ್ನುವವರು, ಹುಡುಗರಾದರೂ ಸರಿ, ಮಧ್ಯಾಹ್ನ ಊಟ ಆದಮೇಲೆ ಹುಣಸೆ ಮರದ ಕಟ್ಟೆ ಹತ್ತಿರ ಬನ್ನಿ. ದಾರ ನೀವೇ ತನ್ನಿ.

ಇಂತಿ,
9ನೇ ತರಗತಿಯ ವಿದ್ಯಾರ್ಥಿನಿ