ಆರಾಧನೆಯಲ್ಲಿ ದೇವರ ಸಾನ್ನಿಧ್ಯ

ಮಿಶನ್ ಹೈಸ್ಕೂಲುಗಳಲ್ಲಿ ವಿದ್ಯಾಭ್ಯಾಸ ಮಾಡುವ ಕ್ರೈಸ್ತ ಬಾಲಕಿಯರು ತಮ್ಮ ಸಹಪಾಠಿನಿಯರಿಂದ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆಯೊಂದುಂಟು. "ನಿಮ್ಮ ದೇವಾಲಯದಲ್ಲಿ ಗರ್ಭಗುಡಿಯಿಲ್ಲ, ಮೂರ್ತಿಯಿಲ್ಲ. ಒಂದು ಮೇಜು, ಒಂದು ಶಿಲುಬೆ, ಸಾಲಾಗಿ ಇಟ್ಟ ಬೆಂಚುಗಳು. ಹಾಗಾದರೆ ನೀವು ಒಳಗೆ ಹೋಗಿ ಯಾರ ಮುಂದೆ ಮೊಣಕಾಲೂರುತ್ತೀರಿ?" ಇದು ಕುಚೋದ್ಯದ ಪ್ರಶ್ನೆಯಲ್ಲ, ತಾಯಿಯೊಡನೆ ಪ್ರತಿ ಸಂಜೆಯೂ ದೇವರ ಮುಂದೆ ದೀಪ ಹಚ್ಚುವ ಹುಡುಗಿಯು ನಿಜವಾಗಿಯೂ ತಿಳಿಯಬೇಕೆಂದೇ ಇದನ್ನು ಕೇಳುತ್ತಾಳೆ. ದೇವರು ಆತ್ಮಸ್ವರೂಪನು, ಎಲ್ಲೆಲ್ಲಿಯೂ ಇದ್ದಾನೆ ಎಂದು ನಮ್ಮವಳು ಉತ್ತರ ಕೊಡುತ್ತಾಳೆ. ಕೂಡಲೇ ಎರಡನೆಯ ಪ್ರಶ್ನೆಯು ಹುಟ್ಟುತ್ತದೆ: ಎಲ್ಲೆಲ್ಲಿಯೂ ಇರುವವನನ್ನು ಕಾಣುವದಕ್ಕೆ ಆದಿತ್ಯವಾರ ಆ ಕಟ್ಟಡಕ್ಕೇ ಯಾಕೆ ಹೋಗಬೇಕು? ಮೂರನೆಯದೊಂದು ಪ್ರಶ್ನೆಯಿದೆ, ಅದನ್ನು ಯಾರೂ ಬಾಯಿಬಿಟ್ಟು ಕೇಳುವದಿಲ್ಲ. ನಾನು ಎಲ್ಲರೊಡನೆ ಹಾಡಿದೆನು, ತಲೆಬಾಗಿ ಪ್ರಾರ್ಥಿಸಿದೆನು, ಆದರೂ ನನ್ನ ಮನಸ್ಸಿಗೆ ಏನೂ ಆಗಲಿಲ್ಲ. ಆ ಹೊತ್ತು ದೇವರು ಅಲ್ಲಿ ಇದ್ದನೋ, ಇಲ್ಲವೋ?

ಮೊದಲು ಎರಡನೆಯ ಪ್ರಶ್ನೆಯನ್ನು ತೆಗೆದುಕೊಳ್ಳೋಣ. ದೇವರು ಸರ್ವವ್ಯಾಪಿಯಾಗಿರುವದು ಬೇರೆ, ಆತನು ನಮಗೆ ದೊರಕುವವನಾಗಿರುವದು ಬೇರೆ. ನೆಲದಡಿಯಲ್ಲಿ ನೀರು ದೂರದ ವರೆಗೂ ಹರಡಿಕೊಂಡಿರಬಹುದು. ಆದರೂ ಕೊಡ ತುಂಬಿಸುವವಳು ಬಾವಿಯ ಬಳಿಗೆ ಹೋಗುತ್ತಾಳೆಯೇ ಹೊರತು ಹಿತ್ತಲಿನ ಮಣ್ಣಿನ ಮೇಲೆ ಕೊಡವನ್ನು ಇಟ್ಟು ಕಾದುಕೊಂಡಿರುವದಿಲ್ಲ. ಈ ಉಪಮೆಯಲ್ಲಿ ಒಂದು ಕೊರತೆಯಿದೆ. ಬಾವಿಯನ್ನು ತೋಡುವವರು ಮನುಷ್ಯರು. ದೇವದರ್ಶನದ ಸ್ಥಳವನ್ನಾದರೋ ದೇವರು ತಾನೇ ಗೊತ್ತುಮಾಡುತ್ತಾನೆಂಬದು ಸತ್ಯವೇದದ ಸಾಕ್ಷಿ.

ಆ ಸಾಕ್ಷಿಯು ವಿಮೋಚನಕಾಂಡದಿಂದ ಆರಂಭವಾಗುತ್ತದೆ. ಐಗುಪ್ತದಿಂದ ಹೊರಟ ಇಸ್ರಾಯೇಲ್ಯರು ಅರಣ್ಯದಲ್ಲಿ ಒಂದು ಗುಡಾರವನ್ನು ಮಾಡಿದರು. ಅದರ ಒಳಭಾಗದಲ್ಲಿ ಒಡಂಬಡಿಕೆಯ ಮಂಜೂಷವೂ ಅದರ ಮೇಲೆ ಕೃಪಾಸನವೂ ಎರಡು ಕೊನೆಗಳಲ್ಲಿ ರೆಕ್ಕೆ ಚಾಚಿದ ಕೆರೂಬಿಯರೂ ಇದ್ದವು. ಆ ರೆಕ್ಕೆಗಳ ನಡುವೆ ಏನನ್ನಿಟ್ಟಿದ್ದರು? ಏನೂ ಇಲ್ಲ. ಇತರ ಜನಾಂಗಗಳು ಪ್ರತಿಮೆಯನ್ನು ಇಡುವ ಸ್ಥಳವು ಅಲ್ಲಿ ಬರಿದಾಗಿತ್ತು. ಅಲ್ಲಿಂದಲೇ ಮಾತಾಡುವೆನೆಂದು ದೇವರು ಮೋಶೆಗೆ ವಾಗ್ದಾನಮಾಡಿದ್ದನು. ಸೊಲೊಮೋನನು ಯೆರೂಸಲೇಮಿನಲ್ಲಿ ಭವ್ಯವಾದ ಆಲಯವನ್ನು ಕಟ್ಟಿ ಪ್ರತಿಷ್ಠೆಮಾಡಿದ ದಿನ, ಉನ್ನತೋನ್ನತವಾದ ಆಕಾಶವೂ ಹಿಡಿಸಲಾರದ ದೇವರನ್ನು ತಾನು ಕಟ್ಟಿದ ಈ ಮನೆಯು ಹಿಡಿಸೀತೇ ಎಂದು ಪ್ರಾರ್ಥನೆಯಲ್ಲಿಯೇ ಕೇಳಿದನು. ಕಟ್ಟಿದವನ ಬಾಯಿಂದಲೇ ಈ ಮಾತು ಬಂದದ್ದು ಗಮನಿಸತಕ್ಕದ್ದು. ಕ್ರಿ. ಪೂ. 63ರಲ್ಲಿ ರೋಮನ್ ಸೇನಾಪತಿಯಾದ ಪಾಂಪೆಯು ಯೆರೂಸಲೇಮನ್ನು ಹಿಡಿದು, ಮಹಾಯಾಜಕನು ವರುಷಕ್ಕೊಂದು ದಿನ ಮಾತ್ರ ಪ್ರವೇಶಿಸುತ್ತಿದ್ದ ಮಹಾಪರಿಶುದ್ಧ ಸ್ಥಳಕ್ಕೆ ನುಗ್ಗಿದನು. ಅಲ್ಲಿ ದೇವತೆಯ ಪ್ರತಿಮೆಯಾವದೂ ಇರಲಿಲ್ಲವೆಂದು ರೋಮನ್ ಚರಿತ್ರಕಾರನಾದ ಟಾಸಿಟಸನು ಬರೆದಿದ್ದಾನೆ. ಆದ್ದರಿಂದ, "ಒಳಗೆ ಏನೂ ಇಲ್ಲವಲ್ಲಾ" ಎಂಬ ಆಶ್ಚರ್ಯವು ನಮ್ಮ ಶಾಲೆಗಳಲ್ಲಿ ಮೊದಲನೆಯದಾಗಿ ಹುಟ್ಟಿದ್ದಲ್ಲ. ಅದಕ್ಕೆ ಎರಡು ಸಾವಿರ ವರುಷಗಳಿಗೂ ಮಿಕ್ಕಿದ ವಯಸ್ಸಾಗಿದೆ.

ಬರಿದಾದ ಸ್ಥಳವೂ ಕೂಡ ಮನುಷ್ಯರ ಕೈಯಲ್ಲಿ ಒಂದು ವಿಧವಾದ ವಿಗ್ರಹವಾಗಬಹುದು. ಆಲಯವು ನಮ್ಮಲ್ಲಿದೆ, ಆದಕಾರಣ ದೇವರು ನಮ್ಮ ವಶದಲ್ಲಿದ್ದಾನೆ ಎಂದು ಯೆರೂಸಲೇಮಿನವರು ನೆನಸಿಕೊಂಡಾಗ ಪ್ರವಾದಿಗಳು ಕಠಿನವಾಗಿ ಮಾತಾಡಿದರು. ಬಡವರನ್ನು ತುಳಿಯುವವರ ಹಬ್ಬಗಳನ್ನು ದೇವರು ಹಗೆಮಾಡುತ್ತಾನೆಂದು ಆಮೋಸನು ಸಾರಿದನು. ದೇವರ ಮಹಿಮೆಯು ಆಲಯದ ಹೊಸ್ತಿಲನ್ನು ಬಿಟ್ಟು ಹೊರಟುಹೋಗುವದನ್ನು ಯೆಹೆಜ್ಕೇಲನು ದರ್ಶನದಲ್ಲಿ ಕಂಡನು. ಆದರೆ ಅದೇ ಪ್ರವಾದಿಯು ಅದಕ್ಕಿಂತ ಮುಂಚೆ ಆ ಮಹಿಮೆಯನ್ನು ಎಲ್ಲಿ ಕಂಡಿದ್ದನು? ಕೆಬಾರ್ ನದಿಯ ದಡದಲ್ಲಿ, ಬಾಬೆಲಿನವರ ನಾಡಿನಲ್ಲಿ, ಸೆರೆಯಾಗಿ ಒಯ್ಯಲ್ಪಟ್ಟವರ ಮಧ್ಯದಲ್ಲಿ. ಮನೆಮಠಗಳನ್ನೂ ಆಲಯವನ್ನೂ ಕಳಕೊಂಡವರ ಬಳಿಗೆ ದೇವರು ತಾನೇ ಹೋಗಿದ್ದನು.

ಸ್ಥಳದ ವಿಷಯವಾದ ಈ ವಿವಾದವನ್ನು ಯೇಸುಸ್ವಾಮಿಯ ಮುಂದೆ ನೇರವಾಗಿ ಇಟ್ಟವಳು ಒಬ್ಬ ಸ್ತ್ರೀಯೆಂಬದು ನಮ್ಮಂಥವರಿಗೆ ವಿಶೇಷ ಸಂತೋಷವನ್ನು ಕೊಡಬೇಕು. ಆಕೆ ಸಮಾರ್ಯದವಳು; ಯಾಕೋಬನ ಬಾವಿಗೆ ಮಧ್ಯಾಹ್ನದ ಬಿಸಿಲಿನಲ್ಲಿ ನೀರು ಸೇದುವದಕ್ಕೆ ಬಂದವಳು. ಸಮಾರ್ಯದವರಿಗೆ ಗೆರಿಜ್ಜೀಮ್ ಬೆಟ್ಟವು ಪವಿತ್ರ, ಯೆಹೂದ್ಯರಿಗೆ ಯೆರೂಸಲೇಮು ಪವಿತ್ರ, ಯಾವದು ಸರಿ? ಪಂಡಿತರು ಶತಮಾನಗಳಿಂದ ಜಗಳವಾಡುತ್ತಿದ್ದ ಪ್ರಶ್ನೆಯನ್ನು ಕೊಡ ಹಿಡಿದು ನಿಂತ ಈ ಹೆಂಗಸು ಕೇಳಿದಳು. ಆತನು ಅದನ್ನು ಅಲ್ಲಗಳೆಯದೆ ಉತ್ತರ ಕೊಟ್ಟನು. ಆ ಬೆಟ್ಟವೂ ಅಲ್ಲ, ಈ ಬೆಟ್ಟವೂ ಅಲ್ಲ. ತಂದೆಯನ್ನು ಆತ್ಮದಲ್ಲಿಯೂ ಸತ್ಯದಲ್ಲಿಯೂ ಆರಾಧಿಸುವ ಕಾಲವು ಬಂದಿದೆಯೆಂಬದು ಆ ಉತ್ತರದ ಸಾರ. ಇದನ್ನು ಕೆಲವರು "ಇನ್ನು ಎಲ್ಲಿಯೂ ಕೂಡಿಬರಬೇಕಾಗಿಲ್ಲ, ಮನಸ್ಸಿನಲ್ಲಿಯೇ ಸಾಕು" ಎಂದು ಅರ್ಥಮಾಡುತ್ತಾರೆ. ಅದು ತಪ್ಪೆಂದು ನನ್ನ ಅಭಿಪ್ರಾಯ. ಯಾಕಂದರೆ ಸಂಭಾಷಣೆಯು ಅಲ್ಲಿಗೆ ಮುಗಿಯುವದಿಲ್ಲ. ಬರತಕ್ಕ ಮೆಸ್ಸೀಯನು ತಾನೇ ಎಂದು ಆತನು ಆಕೆಗೆ ತಿಳಿಸುತ್ತಾನೆ. ಬೆಟ್ಟದ ಬದಲಿಗೆ ಒಬ್ಬ ವ್ಯಕ್ತಿಯು ನಿಂತನು. ಇದೇ ಸುವಾರ್ತೆಯ ಮೊದಲನೆಯ ಅಧ್ಯಾಯದಲ್ಲಿ, ವಾಕ್ಯವು ಮನುಷ್ಯನಾಗಿ ನಮ್ಮೊಳಗೆ ವಾಸಮಾಡಿತೆಂಬ ಸ್ಥಳದಲ್ಲಿ, ಗ್ರೀಕ್ ಮೂಲದ ಕ್ರಿಯಾಪದಕ್ಕೆ ಗುಡಾರ ಹಾಕಿದನೆಂದೇ ಅರ್ಥ. ಅರಣ್ಯದ ಗುಡಾರವು ಯೋಹಾನನ ಮನಸ್ಸಿನಲ್ಲಿತ್ತೆಂಬದರಲ್ಲಿ ಸಂದೇಹವಿಲ್ಲ.

ಹೀಗಿರುವಾಗ ಆತನು ತನ್ನ ಹೆಸರಿನಲ್ಲಿ ಇಬ್ಬರು ಮೂವರು ಕೂಡಿದಲ್ಲಿ ನಾನಿದ್ದೇನೆಂದು ಕೊಟ್ಟ ವಾಗ್ದಾನವೇ ಕ್ರೈಸ್ತ ಆರಾಧನೆಯ ಅಸ್ತಿವಾರವಾಯಿತು. ಯೆಹೂದ್ಯರ ಸಂಪ್ರದಾಯದಲ್ಲಿ ಸಾರ್ವಜನಿಕ ಪ್ರಾರ್ಥನೆಗೆ 10 ಮಂದಿ ಗಂಡಸರು ಕೂಡಬೇಕಾಗಿತ್ತು. ಸ್ತ್ರೀಯರು ಆ ಲೆಕ್ಕದಲ್ಲಿ ಸೇರುತ್ತಿರಲಿಲ್ಲ. ಯೇಸುವಿನ ಲೆಕ್ಕದಲ್ಲಿ ಹಾಸ್ಟೆಲಿನ ಮೂಲೆಯೊಂದರಲ್ಲಿ ಕೂಡಿ ಪ್ರಾರ್ಥಿಸುವ ಇಬ್ಬರು ಹುಡುಗಿಯರೂ ಸಾಕು. ಕ್ರಿ. ಶ. 70ರಲ್ಲಿ ರೋಮನರು ಯೆರೂಸಲೇಮಿನ ಆಲಯವನ್ನು ಸುಟ್ಟು ಕೆಡವಿದಾಗ, ಮನೆಗಳಲ್ಲಿ ಕೂಡಿ ರೊಟ್ಟಿ ಮುರಿಯುತ್ತಿದ್ದ ಚಿಕ್ಕ ಚಿಕ್ಕ ಸಭೆಗಳು ಆರಾಧನೆಯನ್ನು ನಿಲ್ಲಿಸಲಿಲ್ಲ.

ರೊಟ್ಟಿ ಮುರಿಯುವ ವಿಷಯಕ್ಕೆ ಬಂದರೆ, ಸಾನ್ನಿಧ್ಯದ ಕುರಿತಾಗಿಯೇ ಕ್ರೈಸ್ತರು ಕಠಿನವಾಗಿ ಜಗಳವಾಡಿದ್ದಾರೆಂದು ಒಪ್ಪಿಕೊಳ್ಳಬೇಕು. ರೊಟ್ಟಿಯೂ ದ್ರಾಕ್ಷಾರಸವೂ ಕ್ರಿಸ್ತನ ಶರೀರರಕ್ತಗಳಾಗಿ ಮಾರ್ಪಡುತ್ತವೆಂಬದು ರೋಮನ್ ಕಥೋಲಿಕ ಸಭೆಯ ಬೋಧನೆ. ಆದ್ದರಿಂದಲೇ ಅವರ ದೇವಾಲಯಗಳಲ್ಲಿ ಪರಮಪ್ರಸಾದವಿಟ್ಟ ಪೆಟ್ಟಿಗೆಯ ಬಳಿ ದೀಪವು ಉರಿಯುತ್ತಿರುತ್ತದೆ. ಮತಸುಧಾರಣೆಯವರು ಕೂಡ ಏಕಮನಸ್ಸಿನವರಾಗಿರಲಿಲ್ಲ. 1529ರಲ್ಲಿ ಜರ್ಮನಿಯ ಮಾರ್ಬುರ್ಗಿನಲ್ಲಿ ಲೂಥರನೂ ಝ್ವಿಂಗ್ಲಿಯೂ ಎದುರೆದುರಾಗಿ ಕೂತರು. ಇದು ನನ್ನ ದೇಹ ಎಂಬರ್ಥದ ಲ್ಯಾಟಿನ್ ಮಾತನ್ನು ಲೂಥರನು ಸೀಮೆಸುಣ್ಣದಿಂದ ಮೇಜಿನ ಮೇಲೆಯೇ ಬರೆದನು, ಅದರಿಂದ ಕದಲಲಿಲ್ಲ. ಅದು ಸ್ಮರಣೆಯ ಗುರುತೆಂದು ಝ್ವಿಂಗ್ಲಿಯು ಬಿಡದೆ ವಾದಿಸಿದನು. 15 ವಿಷಯಗಳಲ್ಲಿ 14ಕ್ಕೆ ಒಪ್ಪಿಕೊಂಡವರು ಈ ಒಂದರಲ್ಲಿ ಬೇರೆಯಾಗಿ ಹೋದರು. ನಂಬಿಕೆಯಿಂದ ತೆಗೆದುಕೊಳ್ಳುವವರು ಪವಿತ್ರಾತ್ಮನ ಮೂಲಕ ಕ್ರಿಸ್ತನನ್ನೇ ಹೊಂದುತ್ತಾರೆಂದು ಅವರ ತರುವಾಯ ಕಾಲ್ವಿನನು ಬೋಧಿಸಿದನು. ಇವುಗಳಲ್ಲಿ ಯಾವದು ಸರಿಯೆಂಬದನ್ನು ಶಾಲೆಯ ಸಂಚಿಕೆಯೊಂದರಲ್ಲಿ ತೀರ್ಮಾನಿಸುವ ಧೈರ್ಯ ನನಗಿಲ್ಲ. ಆದರೆ ನಮ್ಮ ನಾಡಿಗೆ ಸಂಬಂಧಿಸಿದ ಒಂದು ಸಂಗತಿಯನ್ನು ಹೇಳಬಹುದು. 1834ರಲ್ಲಿ ಮಂಗಳೂರಿಗೆ ಮೊದಲನೆಯ ಮಿಶನೆರಿಗಳನ್ನು ಕಳುಹಿಸಿದ ಬಾಸೆಲ್ ಮಿಶನಿನಲ್ಲಿ ಲೂಥರನ ಪಂಗಡದವರೂ ಸ್ವಿಟ್ಜರ್ಲೆಂಡಿನ ಸುಧಾರಿತ ಸಭೆಯವರೂ ಜೊತೆಯಾಗಿ ಕೆಲಸಮಾಡುತ್ತಿದ್ದರು. ಮಾರ್ಬುರ್ಗಿನಲ್ಲಿ ಅಗಲಿದವರ ಆತ್ಮಿಕ ಸಂತತಿಯವರು ನೇತ್ರಾವತಿಯ ತೀರದ ಊರಿನಲ್ಲಿ ಒಂದೇ ಕೆಲಸಕ್ಕೆ ಕೈಹಾಕಿದರು.

1947ನೆಯ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್ ಮುಂತಾದ ಸಭೆಗಳು ಸೇರಿ ದಕ್ಷಿಣ ಇಂಡಿಯಾ ಸಭೆಯಾದ ಮೇಲೆ, 1950ರಲ್ಲಿ ಪ್ರಕಟವಾದ ಅದರ ಪ್ರಭುಭೋಜನದ ಆರಾಧನಾಕ್ರಮದಲ್ಲಿ ಎರಡು ವಿಶೇಷಗಳಿವೆ. ಮಹಾಯಾಜಕನಾದ ಯೇಸುವು ಶಿಷ್ಯರ ನಡುವೆ ಇದ್ದಂತೆ ನಮ್ಮ ನಡುವೆಯೂ ಇರಬೇಕೆಂದು ಬೇಡುವ ಒಂದು ಪ್ರಾರ್ಥನೆಯು ಸ್ಪೇನ್ ದೇಶದ ಪುರಾತನ ಆರಾಧನಾಕ್ರಮದಿಂದ ತೆಗೆದುಕೊಂಡದ್ದು. ಸಮಾಧಾನವನ್ನು ಕೈಯಿಂದ ಕೈಗೆ ಕೊಡುವ ಪದ್ಧತಿಯು ಕೇರಳದ ಸುರಿಯಾನಿ ಕ್ರೈಸ್ತರದು. ಈ ಎರಡನೆಯದು ಕೇವಲ ಅಲಂಕಾರವಲ್ಲ. ಕೊರಿಂಥದ ಸಭೆಯಲ್ಲಿ ಐಶ್ವರ್ಯವಂತರು ಮೊದಲೇ ಉಂಡು ತೃಪ್ತರಾಗಿ, ಬಡವರು ಹಸಿದಿದ್ದಾಗ, ನೀವು ಮಾಡುವದು ಕರ್ತನ ಭೋಜನವೇ ಅಲ್ಲವೆಂದು ಪೌಲನು ಬರೆದನು. ಪಕ್ಕದಲ್ಲಿ ಕೂತವಳೊಡನೆ ಒಂದು ವಾರದಿಂದ ಮಾತು ಬಿಟ್ಟಿರುವವಳಿಗೆ ಆ ಕೈಯನ್ನು ಹಿಡಿಯುವದು ಎಷ್ಟು ಭಾರವಾಗಿರುತ್ತದೆಂದು ಹಾಸ್ಟೆಲಿನಲ್ಲಿ ಇದ್ದವರೆಲ್ಲರೂ ಬಲ್ಲರು. ದೇವರು ಸಮೀಪದಲ್ಲಿರುವದು ಎಲ್ಲಾ ಸಮಯದಲ್ಲಿಯೂ ಸುಖಕರವೆಂದು ಯಾರೂ ತಿಳಿಯಬಾರದು.

ಇನ್ನು ಬಾಯಿಬಿಟ್ಟು ಕೇಳದ ಆ ಮೂರನೆಯ ಪ್ರಶ್ನೆ. ಮನೆಯಿಂದ ದುಃಖದ ಕಾಗದ ಬಂದಿರುತ್ತದೆ; ಅಥವಾ ಕಾರಣವೇ ತಿಳಿಯದೆ ಹೃದಯವು ಕಲ್ಲಿನಂತಾಗಿರುತ್ತದೆ. ಸುತ್ತಲಿನವರು ಉತ್ಸಾಹದಿಂದ ಹಾಡುತ್ತಿರುವಾಗ ಒಬ್ಬಳು ಪುಸ್ತಕ ಹಿಡಿದು ಸುಮ್ಮನೆ ನಿಂತಿರುತ್ತಾಳೆ. ಇಂಥವಳಿಗೆ "ನಿನ್ನ ನಂಬಿಕೆ ಸಾಲದು" ಎಂದು ಹೇಳುವವರು ಇದ್ದಾರೆ. ಹಾಗೆ ಹೇಳುವದು ಕ್ರೂರವಷ್ಟೇ ಅಲ್ಲ, ಸತ್ಯವೇದಕ್ಕೆ ವಿರುದ್ಧವೂ ಆಗಿದೆ. ಇಬ್ಬರು ಮೂವರು ಕೂಡಿದಲ್ಲಿ ಎಂದು ಹೇಳಿದಾತನು, ಅವರ ಹೃದಯವು ಉಕ್ಕಿದಲ್ಲಿ ಎಂದು ಹೇಳಲಿಲ್ಲ. ಎಮ್ಮಾಹುವಿನ ದಾರಿಯಲ್ಲಿ ನಡೆದ ಇಬ್ಬರು ಶಿಷ್ಯರು ಜೊತೆಯಲ್ಲಿದ್ದವನನ್ನು ಊಟದ ವರೆಗೂ ಗುರುತಿಸಲಿಲ್ಲ. ಅಷ್ಟು ದಾರಿಯೂ ಆತನು ಜೊತೆಯಲ್ಲಿಯೇ ಇದ್ದನು. ಶಿಲುಬೆಯ ಮೇಲೆ ಕರ್ತನು ತಾನೇ, ಯಾಕೆ ಕೈಬಿಟ್ಟೆಯೆಂದು ಕೂಗಿದನು. ಆ ಕೂಗಿಗೂ 22ನೆಯ ಕೀರ್ತನೆಯ ಮಾತನ್ನೇ, ಅಂದರೆ ತನ್ನ ಜನರ ಆರಾಧನೆಯ ಮಾತನ್ನೇ, ಉಪಯೋಗಿಸಿದನು. ಸುಮ್ಮನೆ ನಿಂತವಳ ಬದಲಾಗಿ ಪಕ್ಕದವಳು ಹಾಡುತ್ತಾಳೆ, ಅವಳ ಬಾಯಲ್ಲಿ ಬಾರದ ಆಮೆನ್ ಎಂಬ ಮಾತನ್ನು ಸಭೆಯು ಹೇಳುತ್ತದೆ. ಇನ್ನೊಂದು ಆದಿತ್ಯವಾರ ಅವಳು ಬೇರೊಬ್ಬಳಿಗಾಗಿ ಹೇಳಬೇಕಾದೀತು. ಕೂಡಿ ಆರಾಧಿಸುವದರ ಪ್ರಯೋಜನವು ಇಲ್ಲಿಯೂ ಇದೆ.

ಕೀರ್ತನೆಗಳಲ್ಲಿ 88ನೆಯದನ್ನು ಒಮ್ಮೆ ತೆರೆದು ಓದಿರಿ. ದುಃಖದಿಂದ ಆರಂಭವಾಗುವ ಇತರ ಕೀರ್ತನೆಗಳು ಬಹುಮಟ್ಟಿಗೆ ಸ್ತೋತ್ರದಲ್ಲಿ ಮುಗಿಯುತ್ತವೆ. ಇದು ಮಾತ್ರ ಕತ್ತಲೆಯಲ್ಲಿಯೇ ಮುಗಿಯುತ್ತದೆ. ಅದರ ತಲೆಬರಹದಲ್ಲಿ ಕೋರಹೀಯರ ಹೆಸರಿದೆ. ಅವರು ಯೆರೂಸಲೇಮಿನ ಆಲಯದಲ್ಲಿ ಹಾಡುವ ಸೇವೆಗೆ ಸೇರಿದವರು.