ಹೊಲದಾಗ ಟವರ್ ಬಂದರೆ ಏನು ಕೇಳಬೇಕು?

“ತಮ್ಮಾ, ನಮ್ಮ ಹೊಲದಾಗ ಟವರ್ ಹಾಕ್ತಾರಂತ, ಅಳತಿ ಮಾಡ್ಕೊಂಡು ಹೋದ್ರು.” ಊರಿಂದ ಅಪ್ಪನ ಇಂಥ ಫೋನ್ ಬಂದರೆ, ಬೆಂಗಳೂರಲ್ಲೋ ಪುಣೆಯಲ್ಲೋ ಕೂತ ನೀವು ಏನು ಹೇಳ್ತೀರಿ? ಹುಕ್ಕೇರಿಯಿಂದಲೇ ಶುರು ಮಾಡೋಣ.

ಕರೆಂಟಿಗೂ ಸೊಸೈಟಿ

ಹಾಲಿಗೆ, ಸಾಲಕ್ಕೆ ಸೊಸೈಟಿ ಎಲ್ಲ ಕಡೆ ಇದೆ. ಹುಕ್ಕೇರಿಯಲ್ಲಿ ಕರೆಂಟಿಗೂ ಇದೆ! 1969ರಲ್ಲಿ ಹುಟ್ಟಿದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ, ದೇಶದಲ್ಲಿ ಪ್ರಯೋಗವಾಗಿ ಆರಂಭಿಸಿದ ಮೊದಲ ಐದು ಸಂಘಗಳಲ್ಲಿ ಒಂದು. ರಾಜ್ಯದಲ್ಲಿ ಇಂಥದ್ದು ಇದೊಂದೇ. ಸಂಘ ಸಗಟಾಗಿ ವಿದ್ಯುತ್ ಕೊಂಡು ಹಳ್ಳಿಗಳಿಗೆ ಹಂಚುತ್ತದೆ. ಆಡಳಿತ ಮಂಡಳಿಯನ್ನು ಸದಸ್ಯರೇ ಆರಿಸ್ತಾರೆ. 2025ರ ಸೆಪ್ಟೆಂಬರ್ ಚುನಾವಣೆಯಂತೂ ಜಿಲ್ಲೆಯ ರಾಜಕೀಯವನ್ನೇ ಬಿಸಿ ಮಾಡಿತ್ತು. ರಾಜಕೀಯ ಏನೇ ಇರಲಿ, ಟಿಸಿ ಸುಟ್ಟರೆ ಯಾರನ್ನು ಕೇಳಬೇಕು ಅನ್ನೋದು ಇಲ್ಲಿನ ರೈತನಿಗೆ ಗೊತ್ತು.

ದೊಡ್ಡ ಲೈನಿನ ಕಥೆ ಬೇರೆ

ಹೈಟೆನ್ಷನ್ ಲೈನಿಗೆ ಇಂಥ ಮತ ಇಲ್ಲ. ಸರ್ಕಾರ ಅಧಿಕಾರ ಕೊಟ್ಟ ಕಂಪನಿ, 1885ರ ಟೆಲಿಗ್ರಾಫ್ ಕಾಯ್ದೆಯ ಬಲದಿಂದ ಖಾಸಗಿ ಹೊಲದಲ್ಲೂ ಟವರ್ ನಿಲ್ಲಿಸಬಹುದು. ಜಮೀನು ಸ್ವಾಧೀನ ಆಗೋದಿಲ್ಲ, ಉತಾರದಲ್ಲಿ ನಿಮ್ಮ ಹೆಸರೇ ಇರ್ತದೆ. ಆದರೆ ತಂತಿಯ ಕೆಳಗೆ ಮನೆ ಕಟ್ಟೋಕಾಗಲ್ಲ, ತೆಂಗು, ಮಾವು ಬೆಳೆಸೋಕಾಗಲ್ಲ. ಹೊಲದ ಬೆಲೆಯೂ ಇಳೀತದೆ. ಜಗಳ ಹುಟ್ಟೋದು ಇಲ್ಲೇ.

2024ರ ಜೂನ್‌ನಲ್ಲಿ ಕೇಂದ್ರ ಇಂಧನ ಸಚಿವಾಲಯ ಹೊಸ ಮಾರ್ಗಸೂಚಿ ಹೊರಡಿಸಿತು. 66 ಕಿಲೋವೋಲ್ಟ್ ಮತ್ತು ಮೇಲಿನ ಲೈನ್‌ಗಳಿಗೆ ಟವರ್ ನಿಲ್ಲುವ ಜಾಗಕ್ಕೆ ಭೂಮಿಯ ಬೆಲೆಯ 200%, ಗ್ರಾಮೀಣ ಭಾಗದಲ್ಲಿ ತಂತಿ ಹಾಯುವ ಪಟ್ಟಿಗೆ 30% ಪರಿಹಾರ ಎಂದು ಅದು ಹೇಳ್ತದೆ. 2015ರ ಮಾರ್ಗಸೂಚಿಯಲ್ಲಿ ಟವರಿಗೆ 85%, ಪಟ್ಟಿಗೆ ಗರಿಷ್ಠ 15% ಇತ್ತು. ಆದರೆ ಇದು ಮಾರ್ಗಸೂಚಿ ಮಾತ್ರ. ನಿಮ್ಮ ಲೈನಿಗೆ ಯಾವ ದರ ಅನ್ವಯ ಅನ್ನೋದನ್ನು ಲಿಖಿತವಾಗಿ ಕೇಳಬೇಕು.

ಅಪ್ಪನಿಗೆ ಹೇಳಬೇಕಾದ್ದು

* ಕಂಪನಿ ಯಾವುದು, ಎಷ್ಟು ಕಿಲೋವೋಲ್ಟ್, ನಕ್ಷೆ ಎಲ್ಲಿ? ಕೆಲಸಕ್ಕೆ ಮುಂಚೆಯೇ ಕೇಳಿ.
* ಬೆಳೆ, ಗಿಡ, ಬೋರ್‌ವೆಲ್, ಪೈಪ್‌ಲೈನ್ ಫೋಟೋ ತೆಗೆದಿಡಿ. ಪಂಚನಾಮೆ ಓದದೆ ಸಹಿ ಬೇಡ.
* ಬೆಳೆ ಪರಿಹಾರ ಬೇರೆ, ಭೂಮಿಯ ಪರಿಹಾರ ಬೇರೆ. ಎರಡನ್ನೂ ಕೇಳಿ.
* ಒಬ್ಬರೇ ಹೋಗಬೇಡಿ. ಲೈನ್ ಹಾಯುವ ಎಲ್ಲ ರೈತರೂ ಸೇರಿ ಅರ್ಜಿ ಕೊಡಿ.
* ಅಡ್ಡಿ ಮಾಡಿದರೆ ಜಿಲ್ಲಾಧಿಕಾರಿ ಕೆಲಸಕ್ಕೆ ಅನುಮತಿ ಕೊಡಬಹುದು. ಪರಿಹಾರ ಕಡಿಮೆ ಅನಿಸಿದರೆ ಜಿಲ್ಲಾ ನ್ಯಾಯಾಧೀಶರ ಮುಂದೆ ಹೋಗಬಹುದು.

ಕರೆಂಟ್ ಎಲ್ಲರಿಗೂ ಬೇಕು. ಆದರೆ ಟವರ್ ನಿಲ್ಲೋದು ಯಾರೋ ಒಬ್ಬರ ಕಬ್ಬಿನ ಹೊಲದಲ್ಲಿ. ಅಳತೆ ಟೇಪ್ ಬಿಚ್ಚೋ ಮೊದಲು ಆ ಮನೆಯವರ ಜೊತೆ ಕೂತು ಮಾತಾಡಿದರೆ ಅರ್ಧ ಜಗಳ ಅಲ್ಲೇ ಮುಗೀತದೆ.